ಇವರ ಮಾತಿಗೆ ನಾನೇ ಹೊಣೆ

ಮೊಲಿನೊ ಕ್ಲಬ್ಬಿನ ಗೇಟಿನಲ್ಲಿ ದುಡ್ಡಿನ ಆಟ ನಡೆಯುವುದಿಲ್ಲ. ನಡೆಯುವಂತಿದ್ದರೆ ಬೊಗೊತಾದ ಹೊಸ ಶ್ರೀಮಂತರೆಲ್ಲ ಇಷ್ಟು ಹೊತ್ತಿಗೆ ಒಳಗೆ ಕೂತು ಕಾಲು ಚಾಚಿರುತ್ತಿದ್ದರು. ಹೊರದೇಶದ ಗಾಲ್ಫ್ ಆಟಗಾರನಿಗಂತೂ ಆ ಗೇಟು ಇನ್ನೂ ಬಿಗಿ. ಅವನ ಊರಿನ ಕ್ಲಬ್ಬಿಗೂ ಮೊಲಿನೊ ಕ್ಲಬ್ಬಿಗೂ ಮೊದಲಿನಿಂದ ನಂಟಿರಬೇಕು. ಅಲ್ಲಿಯ ಕಾರ್ಯದರ್ಶಿ ಇಲ್ಲಿಯವರಿಗೆ ‘ನಮ್ಮವನೊಬ್ಬ ಬರುತ್ತಿದ್ದಾನೆ, ಸಭ್ಯಸ್ಥ, ಆಟವೂ ಗೊತ್ತು’ ಎಂದು ಬಹಳ ಮುಂಚೆಯೇ ಬರೆದಿರಬೇಕು. ಶನಿವಾರ ಭಾನುವಾರದ ಹೆಸರೆತ್ತಬಾರದು. ಇಷ್ಟೆಲ್ಲ ಸರಿಯಿದ್ದರೂ ಕೊನೆಗೆ ಒಬ್ಬ ಸದಸ್ಯ ಗೇಟಿಗೆ ಬಂದು, ಕಾವಲುಗಾರನ ಮುಂದೆ ನಿಂತು, ಬಾಯಿಬಿಟ್ಟು ಹೇಳಬೇಕು: “ಇವರು ನನ್ನ ಅತಿಥಿ. ಇವರ ಮಾತಿಗೂ ನಡತೆಗೂ ನಾನೇ ಹೊಣೆ.” ಹೇಳಿದ ಮೇಲೆ ಆಟ ಮುಗಿಯುವ ತನಕ ಅತಿಥಿಯ ಜೊತೆಯಲ್ಲೇ ನಡೆಯಬೇಕು. ಅತಿಥಿ ಯಾರನ್ನಾದರೂ ಬೈದರೆ ಕ್ಲಬ್ಬಿನ ಲೆಕ್ಕದಲ್ಲಿ ಬೈದವನು ಆ ಸದಸ್ಯನೇ.

ಆ ಗುರುವಾರ ಬೆಳಿಗ್ಗೆ ಆ ಮಾತು ಹೇಳುವ ಪಾಳಿ ಒತಿಲಿಯಾಳದು. ಬೇರೆ ಯಾವ ದಿನವಾಗಿದ್ದರೂ ಅವಳು ನಗುನಗುತ್ತಾ ಹೇಳುತ್ತಿದ್ದಳು. ಅವತ್ತು ಮಾತ್ರ ಅವಳ ಮನಸ್ಸೆಲ್ಲ ಸಂಜೆಯ ಮೇಲಿತ್ತು.

ಅವಳ ಗಂಡ ಲಿಸಾಂದ್ರೊ ಸತ್ತು ವರ್ಷ ತುಂಬಿತ್ತು. ಸದಸ್ಯತ್ವ ಇದ್ದದ್ದು ಅವನ ಹೆಸರಿನಲ್ಲಿ. ಹುಡುಗಿಯಾಗಿದ್ದಾಗಿನಿಂದ ಅಲ್ಲಿ ಆಡಿದವಳು ಒತಿಲಿಯಾ, ಲಿಸಾಂದ್ರೊ ಎಂದರೆ ವರಾಂಡದಲ್ಲಿ ಕೂತು ಪೇಪರು ಓದುತ್ತಿದ್ದವನು. ಆದರೂ ಕ್ಲಬ್ಬಿನ ಕಣ್ಣಿಗೆ ಅವಳು ‘ಸದಸ್ಯರ ಹೆಂಡತಿ’. ಗಂಡ ಸತ್ತ ಮೇಲೆ ಒಂದು ವರ್ಷ ದಾಕ್ಷಿಣ್ಯಕ್ಕೆ ಎಲ್ಲ ಹಕ್ಕೂ ಬಿಟ್ಟುಕೊಟ್ಟಿದ್ದರು. ಇನ್ನು ಮುಂದಕ್ಕೆ ಇರಬೇಕಾದರೆ ಆಡಳಿತ ಮಂಡಳಿ ಅವಳ ಹೆಸರಿಗೆ ಮತ ಹಾಕಬೇಕು. ಮತವೆಂದರೆ ಮರದ ಪೆಟ್ಟಿಗೆಯೊಳಗೆ ಕೈ ಇಳಿಸಿ ಗೋಲಿ ಬಿಡುವುದು. ಬಿಳಿ ಗೋಲಿಯಾದರೆ ಇರಲಿ, ಕರಿ ಗೋಲಿಯಾದರೆ ಬೇಡ. ಒಂದೇ ಒಂದು ಕರಿ ಗೋಲಿ ಬಿದ್ದರೂ ಕತೆ ಮುಗಿಯಿತು, ಬಿಟ್ಟವರು ಯಾರೆಂದು ಯಾರೂ ಕೇಳುವಂತಿಲ್ಲ. ಆ ಮತ ಅದೇ ಗುರುವಾರ ಸಂಜೆಗೆ ನಿಗದಿಯಾಗಿತ್ತು.

ಕ್ಲಬ್ಬು ಹೋದರೆ ಏನು ಮಹಾ ಎಂದು ಹೊರಗಿನವರು ಅನ್ನಬಹುದು. ಹೊರಗಿನವರಿಗೇನು ಗೊತ್ತು! ಊರಲ್ಲೆಲ್ಲ ಅವಳು ‘ಪಾಪ ಒತಿಲಿಯಾ’ ಆಗಿದ್ದಳು. ಬೇಕರಿಯಲ್ಲಿ ಪಾಪ, ಚರ್ಚಿನಲ್ಲಿ ಪಾಪ, ಸ್ವಂತ ತಂಗಿಯ ಮನೆಯ ಊಟದ ಮೇಜಿನಲ್ಲೂ ಪಾಪ. ಮೊಲಿನೊ ಕ್ಲಬ್ಬಿನ ಹುಲ್ಲಿನ ಮೇಲೆ ಮಾತ್ರ ಯಾರೂ ಅವಳನ್ನು ಹಾಗೆ ಅನ್ನುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಅವಳು ಅವರನ್ನೆಲ್ಲ ಸೋಲಿಸುತ್ತಿದ್ದಳು. ಅಷ್ಟೊಂದು ದೊಡ್ಡ ಊರಿನಲ್ಲಿ ಅವಳಿಗೆ ಉಳಿದಿದ್ದ ಜಾಗ ಅದೊಂದೇ.

ಹಿಂದಿನ ದಿನ ಫೋನು ಮಾಡಿದ್ದು ದೋನ್ ಬೆಲಿಸಾರಿಯೊ. ಆಡಳಿತ ಮಂಡಳಿಯ ಅಧ್ಯಕ್ಷ, ಕಸುಬಿನಿಂದ ವಕೀಲ. ಬೊಗೊತಾದಲ್ಲಿ ಮರ್ಯಾದಸ್ತ ಗಂಡಸರು ‘ದೋನ್’, ಹೆಂಗಸರು ‘ದೋನ್ಯಾ’, ದೊಡ್ಡವರೆಲ್ಲರೂ ‘ಡಾಕ್ಟರು’, ಆದ್ದರಿಂದ ಅವನೂ ಡಾಕ್ಟರು.

“ದೋನ್ಯಾ ಒತಿಲಿಯಾ, ಒಂದು ಉಪಕಾರ ಆಗ್ಬೇಕಲ್ಲಾ. ಉರುಗ್ವೆಯಿಂದ ಯಾರೋ ಒಬ್ಬ ಬಂದಿದ್ದಾನೆ. ಹೊಣೆ ಹೊರ್ತೀನಿ ಅಂದಿದ್ದೋರು ಜ್ವರ ಅಂತ ಮಲಗಿಬಿಟ್ಟಿದ್ದಾರೆ. ನೀವು ಹೂಂ ಅಂದ್ರೆ ನಾವು ಮೂರೂ ಜನ ಒಟ್ಟಿಗೆ ಆಡ್ಬೋದು.”

“ಅದಕ್ಕೇನಂತೆ ಡಾಕ್ಟ್ರೇ, ಆಗ್ಲಿ.”

“ನಂಗೊತ್ತಿತ್ತು ನೀವು ಇಲ್ಲ ಅನ್ನಲ್ಲ ಅಂತ. ಹಾಂ, ನಾಳೆ ಸಂಜೆ ವಿಷ್ಯ ಏನೂ ತಲೆ ಕೆಡಿಸ್ಕೋಬೇಡಿ. ನಾನಿದ್ದೀನಲ್ಲ.”

ಬೆಲಿಸಾರಿಯೊಗೆ ಹೊರದೇಶದವರ ಜೊತೆ ಆಡುವುದೆಂದರೆ ಬಲು ಇಷ್ಟ. ಬೊಗೊತಾ ಮೋಡಗಳ ಪಕ್ಕದಲ್ಲಿರುವ ಊರು, ಗಾಳಿ ತೆಳು, ಹೊಡೆದ ಚೆಂಡು ಅಂದುಕೊಂಡದ್ದಕ್ಕಿಂತ ದೂರ ಹಾರುತ್ತದೆ. ಕೆಳಗಿನ ಬಯಲು ಸೀಮೆಯಿಂದ ಬಂದವರು ಮೊದಲ ಹೊಡೆತದಲ್ಲೇ ಚೆಂಡನ್ನು ನೀಲಗಿರಿ ಮರಗಳಾಚೆ ಕಳಿಸಿ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಅವರು ಸೋತು ಕೊಡಿಸಿದ ಅಖಿಯಾಕೊ ಸೂಪು ಕುಡಿಯುವಾಗ ಬೆಲಿಸಾರಿಯೊನ ಬೆಳ್ಳಿ ಮೀಸೆ ಕುಣಿಯುತ್ತಿತ್ತು.

ಒತಿಲಿಯಾ ಗೇಟಿಗೆ ಬಂದಾಗ ಉರುಗ್ವೆಯವನು ಕಾವಲುಗಾರ ಎಲಿಯೆಸೆರ್‌ನ ಗೂಡಿನ ಪಕ್ಕದಲ್ಲಿ ನಿಂತಿದ್ದ. ಫೌಸ್ತಿನೊ ಎಂದು ಹೆಸರು. ಉದ್ದನೆಯ ಒಣಕಲು ಆಳು, ಇಸ್ತ್ರಿ ಮಾಡಿ ಮಾಡಿ ತೆಳುವಾದ ಅಂಗಿ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಅವರ ಸೀಮೆಯ ‘ಮಾತೆ’ ಎಂಬ ಎಲೆಯ ಕಷಾಯ ಕುಡಿಯುವ ಸೋರೆ ಬುರುಡೆ. ಜೀವನವಿಡೀ ದೊಡ್ಡ ನದಿಯಲ್ಲಿ ಹಡಗುಗಳಿಗೆ ದಾರಿ ತೋರಿಸುವ ಕೆಲಸ ಮಾಡಿ ನಿವೃತ್ತನಾದವನು.

“ನೀವ ಏನ್ರೀ ದೋನ್ಯಾ ಒತಿಲಿಯಾ ಅಂದ್ರ? ನಸುಕಿನ್ಯಾಗ ಬಂದು ನಿಂತೇನಿ ನೋಡ್ರಿ. ಈ ಮನಷ್ಯಾ ಒಳಗ ಬಿಡವಲ್ಲ, ಹೋಗಂತನೂ ಅನವಲ್ಲ. ಕಷಾಯ ಕೊಟ್ರ ಮಾತ್ರ ಕುಡದಾ.”

“ಸದಸ್ಯರು ಹೇಳ್ದೆ ನಾನು ಗೇಟು ಎತ್ತೋ ಹಾಗಿಲ್ಲ ಸ್ವಾಮಿ,” ಎಂದ ಎಲಿಯೆಸೆರ್. “ಬಿಷಪ್ಪು ಬಂದಾಗ್ಲೂ ನಿಲ್ಸಿದ್ದೆ.”

ಒತಿಲಿಯಾ ನೆಟ್ಟಗೆ ನಿಂತು ಹೇಳಿದಳು: “ಇವರು ನನ್ನ ಅತಿಥಿ. ಇವರ ಮಾತಿಗೂ ನಡತೆಗೂ ನಾನೇ ಹೊಣೆ.” ಎಲಿಯೆಸೆರ್ ಆ ಮಾತನ್ನು ಮೊದಲ ಸಲ ಕೇಳುವವನ ಹಾಗೆ ಗಂಭೀರವಾಗಿ ತಲೆಯಾಡಿಸಿ ಗೇಟು ಎತ್ತಿದ.

ಬೆಲಿಸಾರಿಯೊ ಆಗಲೇ ಮೊದಲ ಹೋಲಿನ ಹತ್ತಿರ ಎದೆಯುಬ್ಬಿಸಿ ಗಾಳಿಯಲ್ಲಿ ಕೋಲು ಬೀಸುತ್ತಿದ್ದ. ಕ್ಯಾಡಿಗಳು ಚೀಲ ಹೊತ್ತು ನಿಂತಿದ್ದರು. ಫೌಸ್ತಿನೊ ಒತಿಲಿಯಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, “ನಿಮ್ಮ ಕ್ಲಬ್ಬಿನ ಕಟ್ಟಳಿ ಬ್ಯಾರೆ ಏನರ ಅದಾವೇನ್ರೀ? ಗೊತ್ತಿಲ್ದ ತಪ್ಪು ಮಾಡಬಾರ್ದು ನೋಡ್ರಿ.”

“ಮಳೆಗಾಲದ ರಿಯಾಯ್ತಿ ಒಂದಿತ್ತು. ಕೆಸರಲ್ಲಿ ಬಿದ್ದ ಚೆಂಡನ್ನ ಎತ್ತಿ, ಒರೆಸಿ, ಪಕ್ಕದಲ್ಲಿ ಒಳ್ಳೇ ಹುಲ್ಲಿನ ಮೇಲೆ ಇಟ್ಕೋಬೋದಿತ್ತು. ನೆಲ ಒಣಗ್ತಲ್ಲ, ಈ ಮಂಗಳವಾರ ತೆಗೆದುಹಾಕಿದ್ರು. ಈಗ ಚೆಂಡು ಬಿದ್ದ ಹಾಗೇ ಆಡೋದು.”

“ಬಿದ್ದಂಗನ ಆಡೂದು. ಛಲೋ ಆತು,” ಎಂದ ಫೌಸ್ತಿನೊ.

ತೆಗೆದುಹಾಕಿದ್ದು ಬೆಲಿಸಾರಿಯೊನೇ. ಮಂಗಳವಾರ ಮಧ್ಯಾಹ್ನ ಊಟದ ಹಾಲಿನಲ್ಲಿ ಕೊರಳಿಗೆ ಕಟ್ಟಿದ್ದ ನ್ಯಾಪ್ಕಿನ್ ಸಮೇತ ಎದ್ದು ನಿಂತು, ಚಮಚದಿಂದ ಲೋಟ ಬಡಿದು, ರಿಯಾಯಿತಿ ಮುಗಿಯಿತು ಎಂದು ಸಾರಿದ್ದ. ಪಕ್ಕದ ಮೇಜಿನಲ್ಲಿ ಒತಿಲಿಯಾ ಕರಿಕಾಫಿ ಕುಡಿಯುತ್ತಿದ್ದಳು. ಉಳಿದ ನಾಲ್ಕಾರು ಮುದುಕರು ತೂಕಡಿಸುತ್ತಿದ್ದರು. ಆದರೆ ತಿಂಗಳುಗಟ್ಟಲೆ ಹಿಡಿದ ಮಳೆಯಲ್ಲಿ ಬೆಳೆದ ರೂಢಿ ಚಮಚ ಬಡಿದ ಮಾತ್ರಕ್ಕೆ ಹೋಗುತ್ತದೆಯೇ? ಈ ಆಟದಲ್ಲೇ ಎರಡನೇ ಹೋಲಿನಲ್ಲಿ ಒತಿಲಿಯಾಳ ಕೈಯೇ ತಾನಾಗಿ ಚೆಂಡಿನ ಕಡೆ ಹೋಯಿತು. ನಡುದಾರಿಯಲ್ಲಿ ನೆನಪಾಗಿ, ಶೂ ಲೇಸು ಕಟ್ಟುವವಳ ಹಾಗೆ ನಟಿಸಿ ಎದ್ದಳು.

ಫೌಸ್ತಿನೊನ ಮೊದಲ ಹೊಡೆತ ಎಲ್ಲ ಹೊರಗಿನವರ ಹಾಗೆ ಮರಗಳಾಚೆ ಹೋಯಿತು. ಬೆಲಿಸಾರಿಯೊ ಮೀಸೆ ಸವರಿಕೊಂಡ.

“ಅಯ್ಯಯ್ಯೋ! ಇಲ್ಲಿ ಚೆಂಡಿಗೆ ರೆಕ್ಕೆ ಬರತ್ತೆ ಸ್ವಾಮಿ, ಹೇಳೋದು ಮರ್ತೆ.”

“ಇರ್ಲಿ ಬಿಡ್ರಿ ಡಾಕ್ಟ್ರ. ಸೂಪ ಬಿಸಿ ಇಡ್ಲಿಕ್ಕೆ ಹೇಳ್ರಿ ಅಷ್ಟ,” ಎಂದು ಫೌಸ್ತಿನೊ ನಕ್ಕ.

ಆದರೆ ಮನುಷ್ಯ ನೀರಿನ ಸೆಳವು ನೋಡಿ ಹಡಗು ನಡೆಸಿದವನು, ಗಾಳಿಯ ಗುಟ್ಟು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೆಲ್ಲಗೆ, ಕಡಿಮೆ ಹೊಡೆಯತೊಡಗಿದ. ಬೆಲಿಸಾರಿಯೊನ ಮುಂದಿದ್ದ ಗೆಲುವು ಒಂದೊಂದೇ ಹೋಲಿನಲ್ಲಿ ಕರಗಿತು, ಅದರ ಜೊತೆ ಅವನ ತಮಾಷೆಯೂ ಕರಗಿತು. ಒತಿಲಿಯಾ ತನ್ನ ಆಟವನ್ನು ಸುಮ್ಮನೆ ಆಡುತ್ತಾ, ದೇವರೇ ಇವತ್ತೊಂದು ದಿನ ಈ ಡಾಕ್ಟರು ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದಳು. ಜೀವಮಾನದಲ್ಲಿ ಅವನು ಗೆಲ್ಲಲಿ ಎಂದು ಅವಳು ಬೇಡಿದ್ದು ಅದೇ ಮೊದಲು.

ಹನ್ನೆರಡನೇ ಹೋಲಿಗೆ ಬರುವಾಗ ಇಬ್ಬರೂ ಸಮಸಮ. ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿತ್ತು. ಬೆಲಿಸಾರಿಯೊನ ಚೆಂಡು ಹುಲ್ಲು ಹಾದಿಯ ನಡುವಿನಲ್ಲೇ ಇತ್ತು, ಆದರೆ ಯಾರೋ ಅಗೆದುಬಿಟ್ಟಿದ್ದ ಕೆಸರಿನ ತಗ್ಗಿನಲ್ಲಿ ಅರ್ಧ ಹೂತು ಕೂತಿತ್ತು. ಅವನು ಮೋಡ ನೋಡುತ್ತಲೇ ಬಗ್ಗಿದ. ಚೆಂಡು ಎತ್ತಿದ, ಪ್ಯಾಂಟಿಗೆ ಒರೆಸಿದ, ಪಕ್ಕದ ಹಸಿರು ಗೊಂಚಲಿನ ಮೇಲೆ ಇಟ್ಟ, ಹೊಡೆದ. ಚೆಂಡು ಹೋಗಿ ಗುಳಿಯ ಪಕ್ಕದಲ್ಲಿ ನಿಂತಿತು. ಬಹಳ ಚೆಂದದ ಹೊಡೆತ.

ಫೌಸ್ತಿನೊ ನೋಡಿರದಿದ್ದರೆ ಸಾಕು ಎಂದು ಒತಿಲಿಯಾ ಅವನತ್ತ ತಿರುಗಿದಳು. ಅವನು ನೋಡಿದ್ದ.

“ಡಾಕ್ಟ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದ ಅವನು ಮೆಲ್ಲಗೆ. “ನೀವು ಚೆಂಡು ಎತ್ತಿಟ್ರಿ.”

“ಎತ್ತಿಟ್ಟೆ. ಮಳೆ ರಿಯಾಯ್ತಿ.”

“ಅದನ್ನ ತಗದಾರಲ್ರೀ? ಹಂಗಂತ ಹೇಳಿದ್ರು ನನಗ.”

“ಯಾರು ಹೇಳಿದ್ದು?”

ಫೌಸ್ತಿನೊನ ಕಣ್ಣು ಒತಿಲಿಯಾಳ ಕಡೆ ಹೋಯಿತು. ಬೆಲಿಸಾರಿಯೊನೂ ಅವಳನ್ನು ನೋಡಿದ. ಆ ಒಂದು ಗಳಿಗೆಯಲ್ಲಿ ಅವನ ಮುಖದಲ್ಲಿ ಏನೋ ಸರಿದುಹೋದದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ನ್ಯಾಪ್ಕಿನ್ನು, ಚಮಚ, ಲೋಟ ಎಲ್ಲ ಅವನಿಗೆ ನೆನಪಾಯಿತು. ಅಯ್ಯೋ, ಕೈ ರೂಢಿ ಸ್ವಾಮಿ, ತಪ್ಪಾಯ್ತು ಎಂದಿದ್ದರೆ ಆ ಒಂದು ಹೋಲು ಬಿಟ್ಟುಕೊಡುವುದರಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಕ್ಯಾಡಿಗಳು ನೋಡುತ್ತಿದ್ದರು, ಎದುರಿಗಿದ್ದವನು ಯಾವುದೋ ಸಣ್ಣ ಊರಿನ ತಗಡು ಹೊದಿಸಿದ ಕ್ಲಬ್ಬಿನಿಂದ ಬಂದವನು. ಅಧ್ಯಕ್ಷನ ಮುಖ ಬಾಗಿಲು ಹಾಕಿಕೊಂಡಿತು.

“ದೋನ್ಯಾ ಒತಿಲಿಯಾ,” ಎಂದ, ಬೆಣ್ಣೆಯಂಥ ದನಿಯಲ್ಲಿ. “ನಿಮ್ಮ ಅತಿಥಿ. ನೀವೇ ಹೇಳಿ ಇವರಿಗೆ, ರಿಯಾಯ್ತಿ ಇದೆಯೋ ಇಲ್ವೋ.”

ಸಂಜೆಯ ಮರದ ಪೆಟ್ಟಿಗೆ ಅವಳ ಕಣ್ಣ ಮುಂದೆ ಬಂತು. ತಂಗಿಯ ಮನೆಯ ಊಟದ ಮೇಜು ಬಂತು. ಸುಳ್ಳು ಹೇಳಿದರೆ ತಪ್ಪು ನನ್ನ ತಲೆ ಮೇಲೆ ಬೀಳುತ್ತದೆ, ಬೇರೆಯವರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡಳು. ಹೆದರಿದ ಮನಸ್ಸು ನೆಪ ಹುಡುಕುವುದರಲ್ಲಿ ಬಲು ಚುರುಕು.

“ನಂದೇ ತಪ್ಪು ಫೌಸ್ತಿನೊ,” ಎಂದಳು. “ನಾನು ಏನೋ ಅಂದ್ಕೊಂಡು ಹೇಳ್ಬಿಟ್ಟೆ. ರಿಯಾಯ್ತಿ ಇನ್ನೂ ಇದೆ.”

ಕ್ಯಾಡಿಗಳು ನೆಲ ನೋಡಿದರು. ಫೌಸ್ತಿನೊ ಟೋಪಿ ತೆಗೆದ. ಅವನು ಅವಳ ಮಾತನ್ನು ಪೂರಾ ನಂಬಿದ. ಅದೇ ಅವಳಿಗೆ ಚುಚ್ಚಿದ್ದು.

“ಡಾಕ್ಟ್ರ, ನಂದು ತಪ್ಪಾತ್ರಿ. ನಿಮ್ಮಂಥಾ ಹಿರ್ಯಾರ ಮ್ಯಾಲ ಬಟ್ಟು ಮಾಡಿದೆ. ಈ ಹೋಲು ನಿಮ್ದ,” ಎಂದು ತನ್ನ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಇಷ್ಟಕ್ಕೆ ಬಿಟ್ಟಿದ್ದರೆ ಬೆಲಿಸಾರಿಯೊ ಗೆದ್ದುಹೋಗುತ್ತಿದ್ದ. ಆದರೆ ಸಿಕ್ಕಿಬಿದ್ದು ಪಾರಾದವನಿಗೆ ಸಿಟ್ಟು ಹೆಚ್ಚು. ಹದಿಮೂರನೇ ಹೋಲಿನುದ್ದಕ್ಕೂ ಅವನು ಮಾತು ನಿಲ್ಲಿಸಲಿಲ್ಲ. ಅತಿಥಿ ಎಂದರೆ ಹೇಗಿರಬೇಕು, ತನ್ನ ತಾತ ಈ ಮರಗಳನ್ನು ನೆಟ್ಟದ್ದು ಹೇಗೆ, ಇಷ್ಟು ವರ್ಷದಲ್ಲಿ ತನ್ನನ್ನು ಕಳ್ಳ ಎಂದವರು ಯಾರೂ ಇಲ್ಲ. ಕಳ್ಳ ಎಂಬ ಮಾತನ್ನು ಅಲ್ಲಿ ಆಡಿದವನು ಅವನೊಬ್ಬನೇ. ಫೌಸ್ತಿನೊ ಎಲ್ಲಕ್ಕೂ ಹೂಂ ಎಂದು ತಲೆ ತಗ್ಗಿಸಿ ನಡೆದ. ಅವನ ಹೊಡೆತಗಳು ಎತ್ತೆತ್ತಲೋ ಹೋದವು.

ಆಗ ಸೈರನ್ ಕೂಗಿತು. ಮಿಂಚು ಹತ್ತಿರ ಬಂದಿದೆ, ಕೋಲು ಬಿಟ್ಟು ಒಳಗೆ ಸೇರಿ ಎಂದು ಅರ್ಥ. ಆ ಸೈರನ್ನಿಗೆ ಬೊಗೊತಾದಲ್ಲಿ ಅಧ್ಯಕ್ಷನೂ ಓಡುತ್ತಾನೆ. ಹತ್ತಿರದ ಗೂಡಿಗೆ ಎಲ್ಲರೂ ನುಗ್ಗಿದರು: ಮೇಲೆ ಮಿಂಚುಕಂಬಿ, ಒಳಗೆ ಎರಡು ಬೆಂಚು. ಒಂದರಲ್ಲಿ ಬೆಲಿಸಾರಿಯೊ, ಇನ್ನೊಂದರಲ್ಲಿ ಒತಿಲಿಯಾ ಮತ್ತು ಫೌಸ್ತಿನೊ, ಬಾಗಿಲ ಬಳಿ ಕ್ಯಾಡಿಗಳು. ಮಳೆ ಹೊಯ್ಯತೊಡಗಿತು. ಗುಡುಗಿಗೆ ಬೆಂಚಿನ ಕಾಲು ಅದುರುತ್ತಿತ್ತು. ಹೊರಗೆ ಹೋಗುವಂತಿಲ್ಲ, ಒಳಗೆ ಇರುವಂತಿಲ್ಲ.

“ನೋಡಿ ಸ್ವಾಮಿ,” ಎಂದ ಬೆಲಿಸಾರಿಯೊ, “ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಆದ್ರೆ ಕ್ಲಬ್ಬಿನ ಮರ್ಯಾದೆ ಪ್ರಶ್ನೆ. ನಿಮ್ಮ ಕಾರ್ಯದರ್ಶಿಗೆ ನಾನು ತಿಳಿಸ್ಲೇಬೇಕಾಗತ್ತೆ. ನಮ್ಮಿಬ್ಬರ ಕ್ಲಬ್ಬಿನ ನಂಟು ಇಲ್ಲಿಗೆ ಮುಗೀತು ಅಂದ್ಕೊಳ್ಳಿ.”

ಫೌಸ್ತಿನೊನ ಮುಖ ಮೊದಲ ಸಲ ಬಿಳಿಚಿಕೊಂಡಿತು. “ನನ್ನ ಹೆಸರ ಬರೀರಿ ಡಾಕ್ಟ್ರ. ನನ್ನನ್ನ ಎಲ್ಲೂ ಬಿಡಬ್ಯಾಡ್ರಿ ಅಂತ ಬರೀರಿ, ತಪ್ಪು ಮಾಡೇನಿ, ಉಣ್ತೇನಿ. ಕ್ಲಬ್ಬಿನ ನಂಟು ಹರೀಬ್ಯಾಡ್ರಿ. ನಮ್ದು ನದಿದಂಡಿ ಮ್ಯಾಲಿನ ಸಣ್ಣ ಊರು. ನಿಮ್ಮ ಬಾಗಲಾ ತಗಸ್ಲಿಕ್ಕೆ ನಮ್ಮ ಹಿರ್ಯಾರು ವರ್ಷಗಟ್ಲೆ ಕೈ ಮುಗದಾರ. ನಾ ಒಬ್ಬಾಂವ ಬಾಯಿ ತಗದಿದ್ದಕ್ಕ ಅದು ಮುಚ್ಚಿತು ಅಂದ್ರ, ನಾ ಊರಿಗೆ ಹೆಂಗ ಹೋಗ್ಲಿ?”

“ಅದು ಬಾಯಿ ತೆಗೆಯೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು.”

ಮಿಂಚು ಹೊಡೆಯಿತು. ಫೌಸ್ತಿನೊ ಫ್ಲಾಸ್ಕಿನಿಂದ ಬುರುಡೆಗೆ ನೀರು ಬಗ್ಗಿಸಿದ. ಕಷಾಯವನ್ನು ತಾನು ಕುಡಿಯದೆ ಒತಿಲಿಯಾಳ ಮುಂದೆ ಹಿಡಿದ.

“ತಗೋರಿ. ನೀವು ನನ್ನ ಹೊಣಿ ಹೊತ್ತು ಒಳಗ ಕರಕೊಂಡ್ರಿ. ನನ್ನಿಂದ ನಿಮ್ಮ ಹೆಸರೂ ಕೆಟ್ಟಿತು. ಕ್ಷಮಾ ಮಾಡ್ರಿ ನನ್ನ.”

ಒತಿಲಿಯಾ ಬುರುಡೆ ತೆಗೆದುಕೊಂಡಳು. ಕೊಳವೆಯಲ್ಲಿ ಎಳೆದಳು. ಬೇವಿನಂಥ ಕಹಿ. ಆದರೂ ನುಂಗಿದಳು. ಮಾಡದ ತಪ್ಪಿಗೆ ಮನುಷ್ಯ ತನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ, ತಾನು ಕೂತು ಅವನದೇ ಕಷಾಯ ಕುಡಿಯುತ್ತಿದ್ದೇನೆ. ತನ್ನ ಬಗ್ಗೆ ಅವಳಿಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

“ಡಾಕ್ಟ್ರೇ,” ಎಂದಳು. “ಮಂಗಳವಾರ ಊಟದ ಹಾಲಲ್ಲಿ ಎದ್ದು ನಿಂತು ರಿಯಾಯ್ತಿ ತೆಗೆದಿದ್ದು ನೀವೇ. ಕೊರಳಲ್ಲಿ ನ್ಯಾಪ್ಕಿನ್ ಇತ್ತು. ನಾನು ಪಕ್ಕದಲ್ಲೇ ಇದ್ದೆ.”

ಕ್ಯಾಡಿಯೊಬ್ಬ ಕೆಮ್ಮಿದ.

“ಫೌಸ್ತಿನೊ ಹೇಳಿದ್ದು ಸರಿ, ಸುಳ್ಳು ಹೇಳಿದ್ದು ನಾನು. ಹೆದರ್ಕೊಂಡು ಹೇಳ್ದೆ. ನಿಮ್ಮದು ಕಳ್ಳತನ ಅಂತ ಯಾರೂ ಅಂದಿಲ್ಲ ಡಾಕ್ಟ್ರೇ, ಅದು ಕೈ ರೂಢಿ. ಬೆಳಿಗ್ಗೆ ಎರಡನೇ ಹೋಲಲ್ಲಿ ನನ್ನ ಕೈಯೂ ಹೋಗಿತ್ತು. ಹೌದು ಅಂದ್ಬಿಡಿ, ಆ ಹೋಲು ಬಿಟ್ಕೊಡಿ, ಮುಗ್ದು ಹೋಗ್ಲಿ.”

ಅವಳು ಅವನಿಗೆ ದಾರಿ ಬಿಟ್ಟುಕೊಟ್ಟಿದ್ದಳು. ಬೆಲಿಸಾರಿಯೊ ಆ ದಾರಿ ಹಿಡಿಯಲಿಲ್ಲ. ಮುಂದಕ್ಕೆ ಬಾಗಿ, ಅವಳ ಮಂಡಿಯನ್ನು ಮಗುವಿಗೆ ತಟ್ಟುವ ಹಾಗೆ ತಟ್ಟಿದ.

“ಪಾಪ, ಒತಿಲಿಯಾ,” ಎಂದ. “ಲಿಸಾಂದ್ರೊ ಹೋದಾಗಿನಿಂದ ನಿಮ್ಮ ತಲೆ ಸರಿ ಇಲ್ಲ. ನಾವೆಲ್ಲ ನೋಡ್ತಾನೇ ಇದ್ದೀವಿ.”

ಹುಲ್ಲಿನ ಮೇಲೆ ಆ ಮಾತು! ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಅವಳು ಅಳಲಿಲ್ಲ. ಬುರುಡೆಯನ್ನು ಫೌಸ್ತಿನೊಗೆ ಹಿಂದಿರುಗಿಸಿ, “ಇನ್ನೊಂದು ಕೊಡಿ,” ಎಂದಳು.

ಸೈರನ್ ಮತ್ತೆ ಕೂಗಿ ದಾರಿ ತೆರವಾದಾಗ ಬೆಲಿಸಾರಿಯೊ ಆಟಕ್ಕೆ ಮರಳಲಿಲ್ಲ. ಚೀಲ ಎತ್ತಿಸಿಕೊಂಡು ನೇರ ಕ್ಲಬ್ಬಿನ ಕಟ್ಟಡಕ್ಕೆ ನಡೆದ. ಅಖಿಯಾಕೊ ಯಾರೂ ಕುಡಿಯಲಿಲ್ಲ. ಗೇಟಿನ ಬಳಿ ಟ್ಯಾಕ್ಸಿ ಕಾಯುವಾಗ ಫೌಸ್ತಿನೊ ಹೇಳಿದ, “ಸಂಜಿಗೆ ನಿಮ್ದು ಮತ ಅದ ಅಂತ, ಕ್ಯಾಡಿ ಹೇಳಿದಾ. ಅಲ್ರೀ, ನನಗ ಮೊದಲ ಹೇಳಬಾರ್ದೇನು? ನಾ ಕಣ್ಣು ಮುಚ್ಕೊಂಡು ಇರ್ತಿದ್ದೆ.”

“ನೀವು ಕಣ್ಣು ಮುಚ್ಕೊಂಡ್ರೂ ನನ್ನ ಕಣ್ಣು ತೆರೆದಿತ್ತಲ್ಲ,” ಎಂದಳು ಒತಿಲಿಯಾ. “ನಿಮ್ಮ ಊರಿನ ಬಾಗಿಲು ಮುಚ್ಚಲ್ಲ, ಹೋಗಿ. ಬರೆಯೋಕೆ ಕೂತ್ರೆ ಕಾರಣ ಬರೀಬೇಕಾಗತ್ತೆ. ಕಾರಣ ಬರೆದ್ರೆ ನನ್ನನ್ನ ಕೇಳ್ಬೇಕಾಗತ್ತೆ. ಡಾಕ್ಟ್ರಿಗೆ ಅದು ಬೇಡ.”

ಹಾಗೆಯೇ ಆಯಿತು. ಕಾಗದ ಹೋಗಲಿಲ್ಲ. ಆದರೆ ಕತ್ತಲಾಗುವ ಮುಂಚೆಯೇ ಒತಿಲಿಯಾಳ ಮನೆಯಲ್ಲಿ ಫೋನು ರಿಂಗಾಯಿತು.

“ದೋನ್ಯಾ ಒತಿಲಿಯಾ, ಹೇಳೋಕೆ ಸಂಕಟ ಆಗತ್ತೆ. ಒಂದು ಕರಿ ಗೋಲಿ ಬಿತ್ತು. ಯಾರದ್ದು ಅಂತ ಕೇಳೋ ಪದ್ಧತಿ ಇಲ್ಲ, ನಿಮಗೆ ಗೊತ್ತೇ ಇದೆ.”

“ನಾನು ಕೇಳ್ಲಿಲ್ಲವಲ್ಲ ಡಾಕ್ಟ್ರೇ,” ಎಂದು ಅವಳು ಫೋನು ಇಟ್ಟಳು. ಇಟ್ಟ ಮೇಲೆ ಅತ್ತಳು, ಬಾಗಿಲು ಹಾಕಿಕೊಂಡು, ಗಂಡ ಸತ್ತಾಗ ಅತ್ತದ್ದಕ್ಕಿಂತ ಜಾಸ್ತಿ. ಅದಕ್ಕೆ ಲಿಸಾಂದ್ರೊ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅವನಿಗೆ ಹೆಂಡತಿಯ ಗುಣ ಗೊತ್ತಿತ್ತು.

ಮುಂದಿನ ವಾರ ಅವಳು ತನ್ನ ಕೋಲುಗಳ ಚೀಲ, ಶೂ, ಮಳೆಕೋಟು ತರಲು ಕ್ಲಬ್ಬಿಗೆ ಹೋದಳು. ಎಲಿಯೆಸೆರ್ ಗೂಡಿನಿಂದ ಹೊರಬಂದ. ಇಷ್ಟು ವರ್ಷ ಅವಳ ಕಾರು ತಿರುವಿನಲ್ಲಿ ಕಂಡ ಕೂಡಲೇ ಗೇಟು ಎತ್ತುತ್ತಿದ್ದವನು ಈಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತ.

“ಯಾರ ಅತಿಥಿ ಅಂತ ಕೇಳ್ಬೇಕಮ್ಮಾ,” ಎಂದ. “ಕೇಳ್ದೆ ಬಿಟ್ರೆ ನನ್ನ ಕೆಲಸ ಹೋಗತ್ತೆ. ಕೇಳಿದ್ರೆ ನನ್ನ ನಾಲಿಗೆ ಸೇದು ಹೋಗ್ಲಿ ಅನ್ಸತ್ತೆ.”

“ಯಾರ ಅತಿಥಿನೂ ಅಲ್ಲಪ್ಪಾ. ನನ್ನ ಸಾಮಾನು ಒಳಗಿದೆ, ಅಷ್ಟೇ.”

“ಹಾಗಂದ್ರೆ ಗೇಟು ಎತ್ತಕ್ಕಾಗಲ್ವಲ್ಲ ತಾಯಿ...”

ಹಿಂದೆ ಕಾರುಗಳು ಸಾಲುಗಟ್ಟಿದವು. ಯಾರೋ ಹಾರ್ನ್ ಹೊಡೆದರು. ಎರಡನೇ ಕಾರಿನ ಬಾಗಿಲು ತೆರೆದು ಬೆಲಿಸಾರಿಯೊ ಇಳಿದ. ಅವನ ಹಿಂದಿನ ಕಾರಿನಲ್ಲಿ ಆಡಳಿತ ಮಂಡಳಿಯ ಇಬ್ಬರು ಗಾಜು ಇಳಿಸಿ ಕತ್ತು ಹೊರಹಾಕಿದ್ದರು. ಅವರು ನೋಡುತ್ತಿದ್ದಾರೆಂದು ಅವನಿಗೂ ಗೊತ್ತಿತ್ತು. ದೊಡ್ಡತನ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು?

“ಛೇ ಛೇ! ದೋನ್ಯಾ ಒತಿಲಿಯಾ ಗೇಟಲ್ಲಿ ನಿಲ್ಲೋದು ಅಂದ್ರೇನು?” ಎಂದು ದನಿ ಏರಿಸಿದ. “ಎಲಿಯೆಸೆರ್, ಇವರು ನನ್ನ ಅತಿಥಿ. ನನ್ನ ಜೊತೆ ಆಡ್ತಾರೆ ಇವತ್ತು. ಎತ್ತು ಗೇಟು.”

“ಪೂರ್ತಿ ಹೇಳ್ಬೇಕು ಡಾಕ್ಟ್ರೇ,” ಎಂದ ಎಲಿಯೆಸೆರ್.

ಬೆಲಿಸಾರಿಯೊ ನಕ್ಕು, ಕೈಯನ್ನು ಎದೆಯ ಮೇಲಿಟ್ಟು ಹೇಳಿದ: “ಇವರು ನನ್ನ ಅತಿಥಿ. ಇವರ ಮಾತಿಗೂ ನಡತೆಗೂ ನಾನೇ ಹೊಣೆ.”

ಒತಿಲಿಯಾ ಅವನನ್ನೇ ನೋಡಿದಳು. ಅವಳಿಗೆ ಸಾಮಾನು ಮರೆತೇ ಹೋಯಿತು.

“ನನ್ನ ಮಾತಿಗೆ ನೀವು ಹೊಣೆ ಅಲ್ವಾ ಡಾಕ್ಟ್ರೇ?”

“ಹೌದು ತಾಯಿ, ಹೇಳಿದ್ನಲ್ಲ.”

“ಹಾಗಾದ್ರೆ ನನ್ನ ಮಾತು ಕೇಳಿ. ಹೋದ ಗುರುವಾರ ಹನ್ನೆರಡನೇ ಹೋಲಲ್ಲಿ ರಿಯಾಯ್ತಿ ಇರ್ಲಿಲ್ಲ. ನೀವು ಚೆಂಡು ಎತ್ತಿಟ್ರಿ. ಉರುಗ್ವೆಯವರು ಹೇಳಿದ್ದು ಸತ್ಯ.” ಅವಳ ದನಿ ಹಿಂದಿನ ಕಾರಿನ ತನಕ ಕೇಳುತ್ತಿತ್ತು. “ಈಗ ಇದು ನಿಮ್ಮ ಅತಿಥಿ ಆಡಿದ ಮಾತು. ಸುಳ್ಳಾದ್ರೆ ಸುಳ್ಳು ಹೇಳಿದೋರು ನೀವೇ ಆಗ್ತೀರಿ. ಬೇಡ ಅಂದ್ರೆ ಹೊಣೆ ವಾಪಸ್ ತಗೊಳ್ಳಿ, ಎಲಿಯೆಸೆರ್ ಇದ್ದಾನೆ, ಅವನ ಮುಂದೇನೇ ಹೇಳಿ. ನಾನು ಮನೆಗೆ ಹೋಗ್ತೀನಿ.”

ಹೊತ್ತ ಹೊಣೆಯನ್ನು ಆ ಗೇಟಿನಲ್ಲಿ ಇದುವರೆಗೆ ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಬೆಲಿಸಾರಿಯೊನ ತಾತನ ಕಾಲದಲ್ಲಿ ಕೂಡ ಇಲ್ಲ. ಅವನ ಕೈ ಇನ್ನೂ ಎದೆಯ ಮೇಲೆಯೇ ಇತ್ತು, ಇಳಿಸುವುದು ಮರೆತಿತ್ತು. ಹಿಂದಿನ ಕಾರನ್ನು ನೋಡಿದ. ಅಲ್ಲಿ ಯಾರೂ ಅವನ ನೆರವಿಗೆ ಇಳಿಯಲಿಲ್ಲ, ಗಾಜನ್ನೂ ಏರಿಸಲಿಲ್ಲ. ಎಲಿಯೆಸೆರ್ ಗೇಟಿನ ಹಗ್ಗ ಹಿಡಿದು ಕಾಯುತ್ತಿದ್ದ. ಒತಿಲಿಯಾ ಅವನ ಮೇಲಿನ ಕಣ್ಣು ತೆಗೆಯಲಿಲ್ಲ.

ಬೆಲಿಸಾರಿಯೊನ ಮೀಸೆ ಒಮ್ಮೆ ಅಲುಗಿತು.

“ಇರ್ಲಿಲ್ಲ,” ಎಂದ.

“ಕೇಳಿಸ್ಲಿಲ್ಲ ಡಾಕ್ಟ್ರೇ.”

“ರಿಯಾಯ್ತಿ ಇರ್ಲಿಲ್ಲ. ನಾನು ಚೆಂಡು ಎತ್ತಿಟ್ಟೆ. ನೀವು ಹೇಳಿದ್ದು ಸರಿ.”

ಎಲಿಯೆಸೆರ್ ಹಗ್ಗ ಎಳೆದ, ಗೇಟು ಮೇಲೆದ್ದಿತು. ಒತಿಲಿಯಾ ಕಾರನ್ನು ಅಲ್ಲೇ ಬದಿಗೆ ಬಿಟ್ಟು, ತನ್ನದಲ್ಲದ ಹುಲ್ಲಿನ ಕಡೆ ಕಾಲುನಡಿಗೆಯಲ್ಲೇ ಹೊರಟಳು. ತಿರುಗಿ ನೋಡಲಿಲ್ಲ. ಬೆಲಿಸಾರಿಯೊ ಎರಡು ಹೆಜ್ಜೆ ಹಿಂದಿನಿಂದ ಬಂದ. ಆಟ ಮುಗಿಯುವ ತನಕ ಅತಿಥಿಯ ಜೊತೆ ನಡೆಯದೆ ಅವನಿಗೆ ಬೇರೆ ದಾರಿ ಇರಲಿಲ್ಲ.